ಜೋಡಿ ಪೌಚು

ವೀರಪ್ಪನ ಎಲ್ಲ ಕಷ್ಟಕ್ಕೂ ಅವನ ವಿನಯವೇ ಕಾರಣ. ಎದುರಿಗೆ ಸಾಹೇಬರು ಬರಲಿ, ಸ್ವಾಮಿಗಳು ಬರಲಿ, ವಿಮೆ ಮಾರುವವನೇ ಬರಲಿ, ಅವನು ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಹಾಗೆ ಬಗ್ಗಿದಾಗಲೆಲ್ಲ ಅಂಗಿಯ ಕಿಸೆಯಲ್ಲಿದ್ದ ಫೋನು ಅವನಿಗಿಂತ ಮೊದಲು ಹೋಗಿ ಅವರ ಪಾದ ಮುಟ್ಟುತ್ತಿತ್ತು.

ಒಂದೇ ತಿಂಗಳಲ್ಲಿ ಎರಡು ಸಲ ಹೀಗಾಯಿತು. ಮೊದಲ ಸಲ ಬಿದ್ದದ್ದು ಅವನ ಕಚೇರಿಯ ದುರ್ಗೇಶ ಸಾಹೇಬರ ಬೂಟಿನ ಮೇಲೆ, ಎರಡನೆಯ ಸಲ ಮಠದ ಕಲ್ಲುಮೆಟ್ಟಿಲ ಮೇಲೆ. ಎರಡು ಸಲವೂ ಕ್ಯಾಮೆರಾ ಕೆಟ್ಟಿತು. ಕೆಟ್ಟರೆ ಕೆಡಲಿ, ಈ ವಯಸ್ಸಿನಲ್ಲಿ ಇವನು ಯಾರ ಫೋಟೊ ತೆಗೆಯಬೇಕಾಗಿತ್ತು ಎಂದು ನೀವು ಕೇಳಬಹುದು. ವೀರಪ್ಪ ಗೋಕಾಕದ ಒಂದು ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ರಿಜಿಸ್ಟರಿನಲ್ಲಿ ಸಹಿ ಮಾಡುವ ಕಾಲ ಹೋಗಿ, ಅವರವರ ಫೋನಿನ ಆ್ಯಪಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಿ ಹಾಜರಿ ಹಾಕುವ ಕಾಲ ಬಂದಿದೆ. ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಸಂಜೆ ಐದೂವರೆಯಿಂದ ಆರರೊಳಗೆ ಒಮ್ಮೆ. ಎರಡರಲ್ಲಿ ಒಂದು ತಪ್ಪಿದರೂ ಆ ದಿನ ಗೈರು. ಹೀಗಾಗಿ ವೀರಪ್ಪ ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಕಣ್ಣೆದುರು ಕುರ್ಚಿಯಲ್ಲಿ ಕೂತು, ಹನ್ನೊಂದು ಫೈಲು ಮುಗಿಸಿ, ಗೈರಾಗಿದ್ದ.

"ಮೂರನೇದು ಬಿತ್ತಂದ್ರ ನನ್ನ ಕೈಯಾಗ ಏನೂ ಇಲ್ಲ ನೋಡ್ರಿ ವೀರಪ್ಪಾರ," ಎಂದು ದುರ್ಗೇಶ ಸಾಹೇಬರು ಮೆಲ್ಲಗೆ ಹೇಳಿದ್ದರು. ಅವರು ಸಿಟ್ಟಿಗೇಳುವ ಮನುಷ್ಯರಲ್ಲ, ಅದೇ ಹೆದರಿಕೆಯ ಸಂಗತಿ. "ಹಿಡಕಲ್ ಗುಡಿಸಲಿಗೆ ಕಳಸಬೇಕಾಗತೈತಿ."

ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ನೀರಿನ ಮಟ್ಟ ನೋಡಿ ಬರೆಯಲೆಂದು ಈ ಕಚೇರಿಯದೊಂದು ತಗಡಿನ ಗುಡಿಸಲಿತ್ತು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಅಳತೆಗೋಲು ನೋಡಬೇಕು. ಉಳಿದ ಹೊತ್ತು ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ. ಹಿಂದೆ ಅಲ್ಲಿದ್ದವನು ಕೊನೆಕೊನೆಗೆ ಅಳತೆಗೋಲಿಗೇ "ಏನ್ರಿ, ಚಾ ಆತೇನ್ರಿ?" ಎಂದು ಕೇಳುತ್ತಿದ್ದನಂತೆ.

ವೀರಪ್ಪನಿಗಾದರೋ ಗೋಕಾಕದಲ್ಲಿ ಒಂದು ಸಾಮ್ರಾಜ್ಯವೇ ಇತ್ತು. ಕಚೇರಿಯ ಹಿಂದಿನ ಓಣಿಯಲ್ಲೇ ಮನೆ. ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಹೋದರೆ ಹೆಂಡತಿ ಬಾಳವ್ವ ಹಂಚಿನ ಮೇಲಿಂದ ನೇರವಾಗಿ ತಟ್ಟೆಗೆ ಹಾಕುವ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಒಂದು ಲೋಟ ಮಜ್ಜಿಗೆ. ಆಮೇಲೆ ಗೋಡೆಗೆ ಮುಖ ಮಾಡಿ ಇಪ್ಪತ್ತು ನಿಮಿಷ ನಿದ್ದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಬಡ್ತಿ ಬೇಡಿರಲಿಲ್ಲ. ಬಡ್ತಿ ಬಂದರೆ ವರ್ಗವೂ ಬರುತ್ತದೆ, ವರ್ಗ ಬಂದರೆ ಈ ರೊಟ್ಟಿ, ಈ ನಿದ್ದೆ ಎರಡೂ ಹೋಗುತ್ತವೆ ಎಂಬ ಭಯಕ್ಕೆ. ಅದನ್ನು ನೆನೆದರೆ ಅವನಿಗೆ ನಿಜವಾಗಿ ಕಣ್ಣು ತುಂಬಿ ಬರುತ್ತಿತ್ತು.

ಆದ್ದರಿಂದ ಎರಡನೆಯ ಸಲ ಫೋನು ರಿಪೇರಿಯಾಗಿ ಬಂದಾಗ, ಇದಕ್ಕೊಂದು ಗಟ್ಟಿ ಕವಚ ಹಾಕಿಸಲೇಬೇಕೆಂದು ಅವನು ಕಚೇರಿಯಲ್ಲಿ ಬಾಯಿ ತಪ್ಪಿ ಹೇಳಿದ. ಹೇಳಿದ್ದೇ ತಪ್ಪಾಯಿತು. ಕಂಪ್ಯೂಟರ್ ಕೆಲಸ ಮಾಡುವ ಸಪ್ನಾ ರಬ್ಬರಿನದು ತೊಗೊಳ್ಳಿ ಎಂದಳು. ಸಿಪಾಯಿ ಲಕ್ಷ್ಮಣ, ರಬ್ಬರಿನದು ಬೇಸಿಗೆಯಲ್ಲಿ ಹಳದಿ ಹಲ್ಲಿನ ಹಾಗೆ ಆಗುತ್ತದೆ ಎಂದ. ಚಹಾ ಮಾಡುವ ಮಾಯವ್ವ ತನ್ನ ಹಳೇ ಕುಬಸದ ಬಟ್ಟೆಯಲ್ಲಿ ಒಂದು ಚೀಲ ಹೊಲಿದುಕೊಡುತ್ತೇನೆಂದು ಹೊರಟೇಬಿಟ್ಟಳು. ಅದರಿಂದ ತಪ್ಪಿಸಿಕೊಳ್ಳಲು ವೀರಪ್ಪ ಮೊಬೈಲ್ ಅಂಗಡಿಗೆ ಓಡಿ, ಚರ್ಮದ್ದು ಎಂದು ಹೇಳಿ ಕೊಟ್ಟದ್ದನ್ನು ತಂದ. ಅದು ಎರಡೇ ದಿನಕ್ಕೆ ಹಾವು ಪೊರೆ ಬಿಟ್ಟ ಹಾಗೆ ಸಿಪ್ಪೆ ಬಿಟ್ಟಿತು.

"ಅದು ಚರ್ಮ ಅಲ್ರಿ, ಬಣ್ಣಾ ಹಚ್ಚಿದ ಕಾಗದ," ಎಂದ ಲಕ್ಷ್ಮಣ. "ಖರೇ ತೊಗಲು ಬೇಕಂದ್ರ ಯಲ್ಲಾರಿ ಕಾಕಾನ ಕಡೆ ಹೋಗ್ರಿ."

ಯಲ್ಲಾರಿಯ ಚಪ್ಪಲಿ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆ. ಅವನು ಹೊಲಿದ ಚಪ್ಪಲಿ ಹಾಕಿಕೊಂಡವರು ಸತ್ತರೂ ಚಪ್ಪಲಿ ಸಾಯುವುದಿಲ್ಲ ಎಂದು ಊರಲ್ಲಿ ಮಾತು. ವೀರಪ್ಪ ಫೋನು ತೋರಿಸಿ ತನ್ನ ಅಳಲು ಹೇಳಿಕೊಂಡ. ಯಲ್ಲಾರಿ ಕನ್ನಡಕ ಏರಿಸಿ ಕೇಳಿದ:

"ಹೊಲಕ್ಕ ಹೋಗಾಕೊ, ಮದುವಿಗಿ ಹೋಗಾಕೊ?"

"ಆಫೀಸಿಗೆ ಹೋಗಾಕ ಕಾಕಾ."

"ಹಂಗಾರ ನಡುವಿನ ತೊಗಲು ಹಾಕೋಣು. ಸಪ್ಪಳ ಬೇಕೊ, ಬ್ಯಾಡೊ?"

"ಎಂಥಾ ಸಪ್ಪಳ?"

"ಕರ್ರ್ ಅನ್ನೂದು. ತಗದಾಗ ಒಮ್ಮೆ, ಹಾಕಿದಾಗ ಒಮ್ಮೆ. ನಾಕ ಮಂದಿ ತಿರಗಿ ನೋಡಬೇಕಲ್ರಿ."

ನಾಲ್ಕು ಮಂದಿ ತಿರುಗಿ ನೋಡುವ ವಿಚಾರ ವೀರಪ್ಪನಿಗೆ ಬೇಡವಾಗಿತ್ತು. ಆದರೆ ಹಿರಿಯರ ಮಾತಿಗೆ ಇಲ್ಲ ಎನ್ನಲು ವಿನಯ ಅಡ್ಡ ಬಂತು. ಯಲ್ಲಾರಿ ಒಂದು ರಟ್ಟಿನ ಮೇಲೆ ಫೋನು ಇಟ್ಟು, ಹೆಜ್ಜೆಯ ಅಳತೆ ತೆಗೆಯುವ ಹಾಗೆ ಸುತ್ತಲೂ ಪೆನ್ಸಿಲ್ ಎಳೆದ. ಆಮೇಲೆ ಕೈ ಚಾಚಿದ.

"ಎಡದ್ದು ಆತು. ಬಲದ್ದು ಕೊಡ್ರಿ."

"ಬಲದ್ದು ಅಂದ್ರ? ನನ್ನ ಕಡೆ ಒಂದ ಫೋನ್ ಇರೂದು ಕಾಕಾ."

ಯಲ್ಲಾರಿ ಒಂದು ಕಾಲಿಲ್ಲದವನನ್ನು ನೋಡುವಷ್ಟು ಮರುಕದಿಂದ ಅವನನ್ನು ನೋಡಿದ. "ಇರಲಿ ಬಿಡ್ರಿ. ನಾ ಮಾತ್ರ ಜೋಡಿನ ಹೊಲಿಯಾವ. ನಮ್ಮಪ್ಪ ಒಂಟಿ ಹೊಲದಿಲ್ಲ, ನಮ್ಮಜ್ಜ ಹೊಲದಿಲ್ಲ. ಒಂಟಿ ಹೊಲದ್ರ ತೊಗೊಂಡಾವಂಗ ಚಲೋ ಆಗೂದಿಲ್ಲ."

ಹೀಗೆ ಒಂದು ಫೋನಿಗೆ ಎರಡು ಪೌಚು ಎಂದು ಠರಾವಾಯಿತು.

ಗುರುವಾರ ಪೌಚು ಸಿದ್ಧವಾದವು. ವೀರಪ್ಪ ಬೆಳಗಿನ ಹಾಜರಿ ಹಾಕಿ, ಹನ್ನೊಂದಕ್ಕೆ ಮೆಲ್ಲಗೆ ಜಾರಿ ಯಲ್ಲಾರಿಯ ಅಂಗಡಿಗೆ ಹೋದ. ಪೌಚುಗಳನ್ನು ನೋಡಿ ಅವನಿಗೆ ಎದೆ ಉಬ್ಬಿ ಬಂತು. ಬೆಲ್ಲದ ಬಣ್ಣ, ಬೆರಳು ದಪ್ಪದ ಅಂಚು, ಮೇಲೊಂದು ಮುಚ್ಚಳ, ಮುಚ್ಚಳದ ನಾಲಿಗೆ ಹೋಗಿ ಸಿಕ್ಕಿಕೊಳ್ಳಲು ಚಪ್ಪಲಿಯಲ್ಲಿ ಹೆಬ್ಬೆರಳು ಸಿಕ್ಕಿಸುವ ಅಂಗುಷ್ಠದಂಥ ಬಿಗಿಯಾದ ಪಟ್ಟಿ. ಆನೆ ತುಳಿದರೂ ಒಳಗಿನ ಫೋನಿಗೆ ಗೊತ್ತಾಗಲಿಕ್ಕಿಲ್ಲ. ಯಲ್ಲಾರಿ ಫೋನನ್ನು ತಾನೇ ಒಂದರಲ್ಲಿ ತುರುಕಿ, ಪಟ್ಟಿ ಬಿಗಿದು, ಎರಡಕ್ಕೂ ಔಡಲೆಣ್ಣೆ ತಿಕ್ಕಿದ.

"ನಾಕ ತಾಸ ತಗೀಬ್ಯಾಡ್ರಿ. ತೊಗಲು ಎಣ್ಣಿ ಕುಡೀಲಿ. ಮೊದಲ ಚೂರು ಕಚ್ಚತೈತಿ, ಆಮ್ಯಾಲ ನಿಮ್ಮ ಮಾತ ಕೇಳತೈತಿ."

ಕಚೇರಿಗೆ ಬಂದದ್ದೇ ತಡ, ಎಲ್ಲರೂ ಮುತ್ತಿಕೊಂಡರು. ಎರಡು ಪೌಚುಗಳೂ ಕೈಯಿಂದ ಕೈಗೆ ಹೋದವು. ಸಪ್ನಾ ಮೂಸಿ ನೋಡಿದಳು, ಮಾಯವ್ವ ಉಗುರಿನಿಂದ ಕೆರೆದು ನೋಡಿದಳು, ಲಕ್ಷ್ಮಣ ಎರಡನ್ನೂ ತಕ್ಕಡಿಯ ಹಾಗೆ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದ.

"ಖಾಲಿದೂ ಇಷ್ಟ ವಜ್ಜಿ ಐತಲ್ರಿ?"

"ಖರೇ ತೊಗಲು ಅಂದ್ರ ಹಂಗ," ಎಂದು ವೀರಪ್ಪ ಹೆಮ್ಮೆಯಿಂದ ಹೇಳಿ, ತನ್ನದನ್ನು ಇಸಿದುಕೊಂಡು ಕಿಸೆಗೆ ಹಾಕಿದ.

ಅಷ್ಟರಲ್ಲಿ ದುರ್ಗೇಶ ಸಾಹೇಬರು ಒಳಗಿನಿಂದ ಹೊರಬಂದರು. ಹಿಡಕಲ್ ಕಡೆ ತಪಾಸಣೆಗೆ ಹೊರಟಿದ್ದರು. ವೀರಪ್ಪ ಎಂದಿನಂತೆ ಸೊಂಟದವರೆಗೆ ಬಗ್ಗಿದ. ಕಿಸೆಯಲ್ಲಿದ್ದದ್ದು ಕರ್ರ್ ಎಂದಿತು, ಬೀಳಲಿಲ್ಲ. ಸಂತೋಷಕ್ಕೆ ಇನ್ನೊಮ್ಮೆ ಬಗ್ಗಿದ. ಆಗಲೂ ಬೀಳಲಿಲ್ಲ. ಸಾಹೇಬರು ಅವನ ಕಿಸೆಯನ್ನೂ ಮೇಜಿನ ಮೇಲಿದ್ದ ಜೊತೆಗಾರ ಪೌಚನ್ನೂ ನೋಡಿದರು.

"ಭಾಳ ಚಂದ ಐತಲ್ರಿ. ಎಲ್ಲಿ ಮಾಡಸಿದ್ರಿ?"

"ಇದು ನಿಮ್ಮ ಸಲುವಾಗೇ ಸಾಹೇಬ್ರ," ಎಂದುಬಿಟ್ಟ ವೀರಪ್ಪ. ಮೂರು ಸೆಕೆಂಡಿನ ಹಿಂದೆ ಆ ವಿಚಾರ ಅವನಿಗೇ ಗೊತ್ತಿರಲಿಲ್ಲ. "ನಾಕ ತಾಸ ತಗೀಬ್ಯಾಡ್ರಿ, ಎಣ್ಣಿ ಕುಡೀಬೇಕಂತ."

ಸಾಹೇಬರು ಬೇಡ ಬೇಡ ಎನ್ನುತ್ತಲೇ ಅದನ್ನು ಬ್ಯಾಗಿಗೆ ಇಳಿಸಿದರು. "ಸಂಜಿ ಹಾಜರಿ ಮರೀಬ್ಯಾಡ್ರಿ ಮತ್ತ," ಎಂದು ಹೇಳಿ ಜೀಪು ಹತ್ತಿದರು.

ಆ ಮಧ್ಯಾಹ್ನದಂಥ ಮಧ್ಯಾಹ್ನವನ್ನು ವೀರಪ್ಪ ಬಹಳ ದಿನ ಕಂಡಿರಲಿಲ್ಲ. ರೊಟ್ಟಿ ನಾಲ್ಕು ಹೆಚ್ಚೇ ಇಳಿದವು. ತೊಗಲಿನದು ಅಡಿಗೆಮನೆಗೆ ತರಬೇಡಿ ಎಂದು ಬಾಳವ್ವ ಗದರಿದ್ದರಿಂದ ಪೌಚು ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ಕೂತಿತ್ತು.

"ಹನ್ನೆರಡಕ್ಕ ನಾಕ ಸಲ ಫೋನ್ ಹಚ್ಚೇನಿ, ಯಾಕ ಎತ್ತಲಿಲ್ಲ?" ಎಂದು ಕೇಳಿದಳು ಬಾಳವ್ವ.

"ಕೇಳಸಲಿಲ್ಲ. ತೊಗಲು ಸಪ್ಪಳ ಹೊರಗ ಬಿಡೂದಿಲ್ಲ," ಎಂದ ವೀರಪ್ಪ. ಅದೂ ಒಂದು ಗುಣವೆಂದೇ ಅವನಿಗೆ ತೋರಿತು. ಇಪ್ಪತ್ತು ನಿಮಿಷದ ನಿದ್ದೆ ಅಂದು ಮೂವತ್ತೈದಾಯಿತು.

ನಾಲ್ಕು ಗಂಟೆಗೆ, ಎಣ್ಣೆ ಕುಡಿದದ್ದು ಸಾಕು ಎಂದು ವೀರಪ್ಪ ಮುಚ್ಚಳದ ನಾಲಿಗೆ ಹಿಡಿದು ಎಳೆದ. ಕರ್ರ್ ಎಂದಿತು, ಬರಲಿಲ್ಲ. ಹಲ್ಲಿನಿಂದ ಎಳೆದ. ಬಾಯಿಗೆ ಔಡಲೆಣ್ಣೆ ಬಂತು, ನಾಲಿಗೆ ಬರಲಿಲ್ಲ. ಕರ್ರ್ ಕರ್ರ್ ಸಪ್ಪಳಕ್ಕೆ, ಯಲ್ಲಾರಿ ಹೇಳಿದ್ದ ಹಾಗೆಯೇ, ನಾಲ್ಕು ಮಂದಿ ತಿರುಗಿ ನೋಡಿದರು.

"ಹೊಸಾ ತೊಗಲು ನೀರಿಗೆ ಬಗ್ಗತೈತ್ರಿ," ಎಂದಳು ಮಾಯವ್ವ, ಕೆಟಲಿ ಹಿಡಿದುಕೊಂಡು.

"ನೀರ ಬ್ಯಾಡ ಮಾಯವ್ವಾ, ಒಳಗ ಫೋನ್ ಐತಿ."

"ಚಾ ಹಾಕ್ಲ್ಯಾ?"

ಸಪ್ನಾ ತಲೆಯ ಪಿನ್ನು ತೆಗೆದು ಪಟ್ಟಿಯ ಕೆಳಗೆ ತೂರಿಸಿದಳು. ಪಿನ್ನು ಒಳಗೇ ಉಳಿಯಿತು. ಲಕ್ಷ್ಮಣ ಇಕ್ಕಳ ತಂದ. ಒಂದು ಕಡೆ ವೀರಪ್ಪ ಹಿಡಿದ, ಇನ್ನೊಂದು ಕಡೆ ಲಕ್ಷ್ಮಣ ಎಳೆದ. ವೀರಪ್ಪ ಕುರ್ಚಿ ಸಮೇತ ಕೋಣೆಯ ಅರ್ಧದವರೆಗೆ ಬಂದ, ನಾಲಿಗೆ ಮಾತ್ರ ಇದ್ದಲ್ಲೇ ಇತ್ತು. ಗಡಿಯಾರ ನಾಲ್ಕೂವರೆ ದಾಟಿತು. ವೀರಪ್ಪನ ಕಣ್ಣ ಮುಂದೆ ತಗಡಿನ ಗುಡಿಸಲು ಬಂದು ನಿಂತಿತು. ಅಳತೆಗೋಲು ಚಾ ಆಯಿತೇ ಎಂದು ಅವನನ್ನೇ ಕೇಳಿದ ಹಾಗಾಯಿತು.

"ಕೊಯ್ದು ಬಿಡು ಲಕ್ಷ್ಮಣಾ," ಎಂದ ಅಳುವ ದನಿಯಲ್ಲಿ. "ಪೌಚು ಹೋದ್ರ ಹೋಗಲಿ."

ಲಕ್ಷ್ಮಣ ಚಾಕುವಿನಿಂದ ಒಂದು ಬದಿಯ ಹೊಲಿಗೆಯನ್ನೆಲ್ಲ ಬಿಚ್ಚಿದ. ಎಲ್ಲರೂ ಬಗ್ಗಿ ನೋಡಿದರು. ಒಳಗಿನಿಂದ ನುಣ್ಣಗೆ ಉಜ್ಜಿದ ಒಂದು ಕಟ್ಟಿಗೆಯ ಹಲಗೆ ಮೇಜಿನ ಮೇಲೆ ಬಿತ್ತು. ಅದರ ಮೇಲೆ ಪೆನ್ಸಿಲ್ಲಿನಿಂದ ಬರೆದಿತ್ತು: ವೀರಪ್ಪಾರ ಫೋನು.

ಮಾಯವ್ವ ಹಲಗೆಯನ್ನು ತಿರುಗಿಸಿ ನೋಡಿ, "ಚಾರ್ಜ್ ಎಲ್ಲಿ ಹಾಕೂದು?" ಎಂದು ಕೇಳಿದಳು.

ಸಪ್ನಾ ತನ್ನ ಫೋನಿನಿಂದ ಯಲ್ಲಾರಿಯನ್ನು ಹಿಡಿದಳು. ಯಲ್ಲಾರಿ ಸಮಾಧಾನದಿಂದ ವಿವರಿಸಿದ: "ಅದು ಅಚ್ಚು. ಖಾಲಿ ಇಟ್ರ ಹೊಸಾ ತೊಗಲು ಮುದುಡತೈತಿ, ಅದಕ್ಕ ಒಳಗ ಅಚ್ಚು ಇಟ್ಟೇನಿ. ಎಲ್ಲಾ ಚಪ್ಲಿಗೂ ಇಡ್ತೇನಲ್ರಿ. ಫೋನು ಇನ್ನೊಂದರಾಗ ಐತಿ. ಯಾಕ, ಕಚ್ಚಾಕತ್ತೈತೇನು?"

ಇನ್ನೊಂದು ಎಲ್ಲಿದೆ ಎಂಬುದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಕೈಯಿಂದ ಕೈಗೆ ಹೋಗುವಾಗ ಪೌಚುಗಳು ಅದಲುಬದಲಾಗಿ, ವೀರಪ್ಪ ಸಾಹೇಬರಿಗೆ ಫೋನು ತುಂಬಿದ್ದನ್ನೇ ಕಾಣಿಕೆ ಕೊಟ್ಟಿದ್ದ. ಸಪ್ನಾ ಈಗ ಸಾಹೇಬರಿಗೆ ಫೋನು ಹಚ್ಚಿ ವೀರಪ್ಪನ ಕೈಗೆ ಕೊಟ್ಟಳು. ವೀರಪ್ಪ ಫೋನಿಗೇ ಬಗ್ಗಿ ನಮಸ್ಕಾರ ಮಾಡಿ ಸಂಗತಿ ಹೇಳಿದ.

"ಹೌದೇನ್ರಿ?" ಎಂದರು ಸಾಹೇಬರು. "ಅದು ಮಧ್ಯಾಹ್ನದಿಂದ ಗುಂಯ್ ಗುಂಯ್ ಅನ್ನಾಕತ್ತಿತ್ತು. ತೊಗಲಿನಾಗ ಹುಳಾ ಹೊಕ್ಕಾವ, ಸಾಯಲಿ ಅಂತ ಗುಡಿಸಲ ತಗಡಿನ ಮ್ಯಾಲ ಬಿಸಲಿಗೆ ಇಟ್ಟೇನಿ."

"ಲಗೂನ ಬರ್ತೀರೇನ್ರಿ ಸಾಹೇಬ್ರ? ಆರರೊಳಗ?"

"ಆಗೂದಿಲ್ಲ ವೀರಪ್ಪಾರ. ಇಲ್ಲಿ ಬ್ಯಾರೆ ಯಾರೂ ಇಲ್ಲ, ಆರು ಗಂಟೆಯ ನೀರಿನ ಅಳತಿ ನಾನ ನೋಡಬೇಕು. ನೀವ ಬರ್ರಿ."

ವೀರಪ್ಪ ಸಪ್ನಾಳ ಕಡೆ ನೋಡಿದ. "ಅಲ್ಲಿ ಮುಖಾ ತೋರಿಸಿದ್ರ ಆ್ಯಪ್ ಒಪ್ಪತೈತೇನವಾ?"

"ಒಪ್ಪತೈತ್ರಿ. ಗುಡಿಸಲೂ ನಮ್ಮ ಹದ್ದಿನಾಗ ಬರತೈತಿ. ಕಣ್ಣ ಮಾತ್ರ ಮಿಟಕಸ್ರಿ."

ಲಕ್ಷ್ಮಣನ ಬೈಕು ನಾಲ್ಕು ಐವತ್ತಕ್ಕೆ ಗೋಕಾಕ ಬಿಟ್ಟಿತು. ಹಿಂದೆ ಕೂತ ವೀರಪ್ಪ ದಾರಿಯುದ್ದಕ್ಕೂ ನೆನೆದದ್ದು ಬಾಳವ್ವನ ಹಂಚನ್ನು. ಘಟಪ್ರಭಾದ ರೈಲ್ವೆ ಗೇಟು ಹಾಕಿತ್ತು, ಹತ್ತು ನಿಮಿಷ ಅಲ್ಲಿ ಹೋಯಿತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ, ಎದುರು ಬಂದ ಕುರಿಮಂದೆಗೆ ಕೈ ಮುಗಿಯುತ್ತ, ಅಂತೂ ಐದು ಐವತ್ತಕ್ಕೆ ಅವರು ಹಿನ್ನೀರಿನ ದಂಡೆಗೆ ಬಂದು ಮುಟ್ಟಿದರು.

ಸಾಹೇಬರು ಗುಡಿಸಲ ಮುಂದೆ ನಿಂತಿದ್ದರು. ಇಳಿಸಿಡಲು ಅವರಿಗೆ ನೆನಪಾಗದೆ ಪೌಚು ಇನ್ನೂ ಕಾದ ತಗಡಿನ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿತ್ತು. ವೀರಪ್ಪ ಹಾರಿ ಅದನ್ನು ಹಿಡಿದ. ಶಾಖಕ್ಕೆ ಎಣ್ಣೆ ಇಳಿದು ತೊಗಲು ಮೆತ್ತಗಾಗಿತ್ತು. ನಾಲಿಗೆ ತಾನೇ ಬಿಚ್ಚಿಕೊಂಡಿತು, ಫೋನು ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆ ಬಂತು. ಒಂದು ಗೆರೆ ಬಿದ್ದಿರಲಿಲ್ಲ. ಆದರೆ ಪರದೆಯ ಮೇಲೆ ಬರೆದಿತ್ತು: ಫೋನು ಅತಿಯಾಗಿ ಬಿಸಿಯಾಗಿದೆ, ತಣ್ಣಗಾಗುವವರೆಗೆ ಕಾಯಿರಿ.

"ಗಾಳಿ ಹಾಕ್ರಿ," ಎಂದರು ಸಾಹೇಬರು. ಅವರು ತಪಾಸಣೆಯ ಫೈಲಿನಿಂದ ಗಾಳಿ ಹಾಕಿದರು, ಲಕ್ಷ್ಮಣ ಒಲೆ ಊದುವ ಹಾಗೆ ಊದಿದ, ವೀರಪ್ಪ ಅಂಗಿಯ ಚುಂಗಿನಿಂದ ಬೀಸಿದ. ಮೂವರು ದೊಡ್ಡ ಗಂಡಸರು ಒಂದು ಫೋನಿಗೆ ಗಾಳಿ ಹಾಕುತ್ತ ನಿಂತದ್ದನ್ನು ನೋಡಿ ತೆಪ್ಪದಲ್ಲಿದ್ದ ಮೀನುಗಾರನೊಬ್ಬ ಹುಟ್ಟು ಹಾಕುವುದನ್ನು ಮರೆತ.

ಐದು ಐವತ್ತಾರಕ್ಕೆ ಫೋನು ಕಣ್ಣು ಬಿಟ್ಟಿತು. ವೀರಪ್ಪ ಮುಖ ತೋರಿಸಿದ. ಮುಖ ಹೊಂದುತ್ತಿಲ್ಲ ಎಂದಿತು. ಹೊಂದುವುದು ಹೇಗೆ, ಮೂವತ್ತು ಕಿಲೋಮೀಟರಿನ ಧೂಳು ಅವನ ಮುಖದ ಮೇಲಿತ್ತು. ಓಡಿ ಹೋಗಿ ಹಿನ್ನೀರಿನಲ್ಲಿ ಮುಖ ತೊಳೆದು ಬಂದ. ಮತ್ತೆ ತೋರಿಸಿದ. ಕಣ್ಣು ಮಿಟುಕಿಸಿ ಎಂದಿತು. ಇಷ್ಟು ವರ್ಷದಲ್ಲಿ ಯಾರಿಗೂ ಮಿಟುಕಿಸದಷ್ಟು ಕಣ್ಣು ಮಿಟುಕಿಸಿದ. ಐದು ಐವತ್ತೊಂಬತ್ತಕ್ಕೆ ಪರದೆಯ ಮೇಲೆ ಹಸಿರು ಗುರುತು ಬಿತ್ತು: ಹಾಜರಿ ಸ್ವೀಕರಿಸಲಾಗಿದೆ.

ವೀರಪ್ಪ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ಅವನಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ರೊಟ್ಟಿ ಉಳಿಯಿತು, ನಿದ್ದೆ ಉಳಿಯಿತು. ಲಕ್ಷ್ಮಣ ಅವನ ಬೆನ್ನು ತಟ್ಟಿದ. ಅಷ್ಟರಲ್ಲಿ ಫೋನು ಟಿಣ್ ಎಂದು ಇನ್ನೊಂದು ಸಂದೇಶ ತೋರಿಸಿತು. ವೀರಪ್ಪನಿಗೆ ಕನ್ನಡಕವಿಲ್ಲದೆ ಕಾಣಲಿಲ್ಲ, ಸಾಹೇಬರ ಕೈಗೆ ಕೊಟ್ಟ. ಸಾಹೇಬರು ಗಟ್ಟಿಯಾಗಿ ಓದಿದರು:

"ನಿಮ್ಮ ಕರ್ತವ್ಯ ಸ್ಥಳ: ಹಿಡಕಲ್ ಅಳತೆ ಗುಡಿಸಲು. ಈ ಸ್ಥಳದಲ್ಲಿ ಖಾಲಿ ಇದ್ದ ಹುದ್ದೆಗೆ ನಿಮ್ಮನ್ನು ಸೇರಿಸಲಾಗಿದೆ. ಬೆಳಗಿನ ಹಾಜರಿ: ಆರು ಗಂಟೆ. ಸ್ಥಳ ಬದಲಾವಣೆಗೆ ಒಂದು ವರ್ಷದ ನಂತರ ಅರ್ಜಿ ಸಲ್ಲಿಸಿ."

ವೀರಪ್ಪ ಎದ್ದು ನಿಂತು ಸಾಹೇಬರಿಗೆ ಕೈ ಮುಗಿದ.

"ನಾ ಗೈರಾಗಿಲ್ಲಲ್ರಿ ಸಾಹೇಬ್ರ," ಎಂದ. "ಹಾಜರ ಅದೇನಲ್ರಿ."

"ಅದಕ್ಕ ನೋಡ್ರಿ. ನೀವು ಇಲ್ಲಿ ಹಾಜರ ಅದೀರಿ," ಎಂದರು ಸಾಹೇಬರು. ಅವರ ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು. "ಎರಡ ವರ್ಷ ಆತು, ಇಲ್ಲಿಗೆ ಒಬ್ಬ ಮನಷ್ಯಾನ ಕೊಡ್ರಿ ಅಂತ ಮ್ಯಾಲಿನವರಿಗೆ ಬರದ ಬರದ ಸಾಕಾಗಿತ್ತು. ಇನ್ನಮ್ಯಾಲ ನಾ ಬರೂದ ತಪ್ಪಿತು. ಚಲೋ ಆತು."

"ಇದನ್ನ ತಗಸಾಕ ಬರೂದಿಲ್ಲೇನ್ರಿ?"

"ಆ್ಯಪ್ ಮ್ಯಾಲಿನವರದು. ಅವರನ್ನ ಕೇಳಿದ್ರ ಮಷಿನ್ ಹೇಳಿದ್ದಕ್ಕ ನಾವ ಏನ ಮಾಡೂನು ಅಂತಾರ. ಒಂದ ವರ್ಷ, ಕಣ್ಣ ಮುಚ್ಚಿ ತಗಿಯೂದ್ರಾಗ ಹೋಗತೈತಿ." ಅವರು ಗುಡಿಸಲ ಕೀಲಿಕೈಯನ್ನು ವೀರಪ್ಪನ ಕೈಗಿಟ್ಟು, ಚಾಪೆ ಒಳಗೆ ಮೂಲೆಯಲ್ಲಿದೆ, ಕಂದೀಲಿಗೆ ಎಣ್ಣೆ ಇದೆ, ಬೆಳಿಗ್ಗೆ ಆರರ ಹಾಜರಿಗೆ ಈಗ ಊರಿಗೆ ಹೋಗಿ ಬರುವುದು ಸುಮ್ಮನೆ ದಣಿವು ಎಂದು ಹೇಳಿ ಜೀಪು ಹತ್ತಿ ಹೊರಟುಹೋದರು.

ಹೊತ್ತು ಇಳಿಯುತ್ತಿತ್ತು. ನೀರಿನ ನಡುವೆ ಅಳತೆಗೋಲು ನೆಟ್ಟಗೆ ನಿಂತಿತ್ತು. ಲಕ್ಷ್ಮಣ ಬೈಕಿನ ಕಿಕ್ ಹೊಡೆದು, ಹೋಗಲಾರದೆ ಸ್ವಲ್ಪ ಹೊತ್ತು ಹಾಗೇ ನಿಂತ. ಏನೋ ಹೇಳಬೇಕೆಂದು ಅವನ ಮನಸ್ಸು ಹೊಯ್ದಾಡುತ್ತಿತ್ತು. ವೀರಪ್ಪನಿಗೆ ಇಂಥ ಹೊತ್ತಿನಲ್ಲಿ ಜೊತೆಗಿರುವ ಆ ಒಬ್ಬ ಮನುಷ್ಯನ ಮೇಲೆ ಅಕ್ಕರೆ ಉಕ್ಕಿ ಬಂತು.

"ಏನ ಹೇಳಬೇಕಂತಿ, ಹೇಳು ಲಕ್ಷ್ಮಣಾ," ಎಂದ.

"ಏನಿಲ್ರಿ," ಎಂದ ಲಕ್ಷ್ಮಣ ಸಂಕೋಚದಿಂದ. "ನಾಳಿಂದ ಮಧ್ಯಾಹ್ನ ವೈನಿಯವರ ರೊಟ್ಟಿ ಸುಮ್ಮ ಕೆಡತಾವಲ್ಲ. ಉಂಡ ಮ್ಯಾಲ ಆ ಗ್ವಾಡಿ ಕಡೆ ಮಕಾ ಮಾಡಿ ನಾ ಒಂದಿಪ್ಪತ್ತ ನಿಮಿಷ ಅಡ್ಡಾದ್ರ ನಡೀತೈತೇನ್ರಿ?"